ಮೂರು ಶಿಫ್ಟಿನ ಮನೆಯಲ್ಲಿ ಪ್ರಾರ್ಥನೆ

ನಂಜನಗೂಡು ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಮಷಿನ್ ಆಪರೇಟರ್. ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಬ್ಬರದೂ ಶಿಫ್ಟ್ ಕೆಲಸ. ಮನೆ ಮೈಸೂರಿನ ಜೆ.ಪಿ. ನಗರದಲ್ಲಿ. ಮಗಳು ಎರಡನೇ ಕ್ಲಾಸು, ಮಗನಿಗೆ ಒಂದೂವರೆ ವರ್ಷ. ಫ್ರಿಜ್ ಬಾಗಿಲಿಗೆ ಎರಡು ಚಾರ್ಟ್ ಅಂಟಿಸಿದ್ದೇವೆ. ಒಂದು ನನ್ನ ಶಿಫ್ಟಿನದು, ಇನ್ನೊಂದು ಅವಳ ಡ್ಯೂಟಿಯದು. ಅವೆರಡೂ ಹೊಂದಿಕೊಂಡು ಬಂದ ವಾರ ನಮ್ಮ ಮನೆಯಲ್ಲಿ ಹಬ್ಬ.

ಇಂಥ ಮನೆಯಲ್ಲಿ ದೇವರಿಗೆ ಹೊತ್ತು ಎಲ್ಲಿಂದ ತರುವುದು? ಮಗ ಹುಟ್ಟಿದ ಮೇಲೆ ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ನಿದ್ದೆಗೆಟ್ಟಿದ್ದರೂ ದೇವರು ಬೇಕು ಅನ್ನಿಸುವ ಅಪ್ಪ ಅಮ್ಮಂದಿರು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆಯ, ಅಂದರೆ ಸಿಎಸ್‌ಐ ಮನೆಯಲ್ಲಿ. ನಮ್ಮಪ್ಪ ಬೆಳಿಗ್ಗೆ ಐದಕ್ಕೆ ಎದ್ದು, ಸತ್ಯವೇದ (ಬೈಬಲ್) ಓದಿ, ಮಂಡಿಯೂರಿ ಪ್ರಾರ್ಥನೆ ಮಾಡಿದ ಮೇಲೇ ಕಾಫಿ ಕುಡಿಯುತ್ತಿದ್ದರು. ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಒಂದು ಹಾಡು, ಸತ್ಯವೇದದ ಒಂದು ಕೀರ್ತನೆ, ಎಲ್ಲರ ಹೆಸರು ಹೇಳಿ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಅಪ್ಪ ಸ್ಕೂಲ್ ಮೇಷ್ಟ್ರು. ಅವರ ದಿನಚರಿ ರಿಟೈರ್ ಆಗುವವರೆಗೂ ಬದಲಾಗಲಿಲ್ಲ. ನನ್ನದು ವಾರವಾರವೂ ಬದಲಾಗುತ್ತದೆ. ಫಸ್ಟ್ ಶಿಫ್ಟಿನಲ್ಲಿ ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸಿಗೆ ಓಡುತ್ತಿರುತ್ತೇನೆ. ಸೆಕೆಂಡ್ ಶಿಫ್ಟಿನ ವಾರ ಐದಕ್ಕೆ ಎಬ್ಬಿಸಿದರೂ ಏಳುವ ಸ್ಥಿತಿಯಲ್ಲಿ ಇರುವುದಿಲ್ಲ. ನೈಟ್ ಶಿಫ್ಟಿನಲ್ಲಿ ಅದೇ ಐದು ಗಂಟೆಗೆ ಮಷಿನ್ ಮುಂದೆ ನಿಂತು ಕಣ್ಣುಜ್ಜಿಕೊಳ್ಳುತ್ತಿರುತ್ತೇನೆ.

ಪ್ರಾರ್ಥನಾ ಕೂಟದಲ್ಲಿ ಈ ವಿಷಯ ಎತ್ತಿದರೆ ಹಿರಿಯರದು ಒಂದೇ ಮಾತು. ‘ನಾಲ್ಕಕ್ಕೆ ಎದ್ದೇಳಪ್ಪ, ಕರ್ತನು ಬಲ ಕೊಡ್ತಾನೆ.’ ಹಾಗೆ ಹೇಳುವವರ ಮಕ್ಕಳೆಲ್ಲ ಮದುವೆಯಾಗಿ ಬೆಂಗಳೂರು ಸೇರಿ ಎಷ್ಟೋ ವರ್ಷ ಆಗಿದೆ. ರಾತ್ರಿ ಎರಡಕ್ಕೆ ಹಲ್ಲು ಬರುವ ಮಗು ಚೀರಾಡುವುದನ್ನು ಅವರು ಮರೆತಿದ್ದಾರೆ, ಪಾಪ.

ಫೋನಿಗೆ ಒಂದು ಆಪ್ ಹಾಕಿಕೊಂಡೆ. ದಿನಕ್ಕಿಷ್ಟು ಅಧ್ಯಾಯದಂತೆ ಒಂದು ವರ್ಷದಲ್ಲಿ ಸತ್ಯವೇದ ಮುಗಿಸುವುದು. ಒಂದು ದಿನ ತಪ್ಪಿದರೆ ಜ್ಞಾಪಿಸುತ್ತದೆ, ಎರಡು ದಿನ ತಪ್ಪಿದರೆ ‘ನೀವು ಹಿಂದೆ ಬಿದ್ದಿದ್ದೀರಿ’ ಅನ್ನುತ್ತದೆ. ಇಎಂಐ ಬಾಕಿಯ ಮೆಸೇಜ್ ಬಂದ ಹಾಗೆ ಅನ್ನಿಸಿ ತೆಗೆದುಹಾಕಿದೆ. ಆಮೇಲೆ ಬಸ್ಸಿನಲ್ಲಿ ಆಡಿಯೋ ಕೇಳಲು ಶುರು ಮಾಡಿದೆ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟುವಾಗ ನೋಹ ನಾವೆ ಕಟ್ಟುತ್ತಿದ್ದ. ಕಂಪನಿ ಗೇಟಿನಲ್ಲಿ ಎಚ್ಚರವಾದಾಗ ಅಬ್ರಹಾಮ ಮನೆ ಬಿಟ್ಟು ಹೊರಟಿದ್ದ. ನಡುವಿನ ಜಲಪ್ರಳಯ ನನಗೆ ಗೊತ್ತೇ ಆಗಲಿಲ್ಲ.

ಹೀಗಿರುವಾಗ ನಮ್ಮ ಸಭಾಪಾಲಕರು ಒಂದು ಸಂಜೆ ಮನೆಗೆ ಬಂದರು. ನಾವು ಅವರನ್ನು ಅಯ್ಯನವರು ಅಂತಲೇ ಕರೆಯುವುದು. ಹೆಂಡತಿ ಡ್ಯೂಟಿಯಲ್ಲಿದ್ದಳು. ನಾನು ಮಗನಿಗೆ ರಾಗಿ ಸರಿ ಕಾಯಿಸುತ್ತಿದ್ದೆ. ಸರಿ ಒಲೆ ಮೇಲಿದ್ದಾಗ ಬಿಟ್ಟು ಹೋಗುವ ಹಾಗಿಲ್ಲ, ಗಂಟು ಕಟ್ಟುತ್ತದೆ. ಹಾಗಾಗಿ ಅಯ್ಯನವರೇ ಅಡುಗೆಮನೆಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಸೌಟು ತಿರುಗಿಸುತ್ತಾ ನನ್ನ ಗೋಳು ಹೇಳಿಕೊಂಡೆ.

ಅವರು ಉಪದೇಶ ಮಾಡಲಿಲ್ಲ. ಎದ್ದು ಹೋಗಿ ಫ್ರಿಜ್ ಮೇಲಿದ್ದ ಚಾರ್ಟ್ ನೋಡಿದರು. ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದರು, ‘ಶಿಫ್ಟ್ ಯಾವುದಾದರೂ ಇರಲಿ ಅಪ್ಪ, ದಿನಾ ಮಾಡಲೇಬೇಕಾದ ಕೆಲಸ ಯಾವುದು ನಿನಗೆ?’

‘ಇದೇ, ಸರಿ ಕಾಯಿಸೋದು’ ಅಂದೆ. ‘ಮಗಳಿಗೆ ಜಡೆ ಹಾಕೋದು ಅಥವಾ ಬಿಚ್ಚೋದು. ಕಂಪನಿಯಲ್ಲಿ ಪಂಚ್ ಮಾಡೋದು. ಶೂ ಲೇಸ್ ಕಟ್ಟೋದು. ಸೇಫ್ಟಿ ಗ್ಲಾಸ್ ಒರೆಸೋದು.’

‘ಹಾಗಾದ್ರೆ ಪ್ರಾರ್ಥನೆನ ಗಡಿಯಾರಕ್ಕೆ ಕಟ್ಟಬೇಡ. ಇವಕ್ಕೆ ಕಟ್ಟು’ ಅಂದರು. ‘ಸರಿ ಕುದಿಯೋವರೆಗೆ ಕರ್ತನ ಪ್ರಾರ್ಥನೆ ಎಷ್ಟು ಸಲ ಹೇಳಬಹುದು, ನೋಡು.’

ಆಮೇಲೆ ಬ್ರದರ್ ಲಾರೆನ್ಸ್ ಅನ್ನುವವರ ವಿಷಯ ಹೇಳಿದರು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಕಾರ್ಮೆಲ್ ಮಠದಲ್ಲಿ ಅಡುಗೆ ಕೆಲಸಕ್ಕಿದ್ದ ಸಹೋದರ ಅವರು. ಮೊದಲು ಸೈನಿಕರಾಗಿದ್ದವರು, ಕಾಲು ಊನವಾಗಿತ್ತು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲವಂತೆ. ಆದರೂ ಪಾತ್ರೆಗಳ ಗಲಾಟೆ ನಡುವೆ ನಿಂತೇ ದೇವರ ಜೊತೆ ಮಾತಾಡುವುದನ್ನು ರೂಢಿಸಿಕೊಂಡರು. ಕೆಲಸದ ಹೊತ್ತು ಬೇರೆ, ಪ್ರಾರ್ಥನೆಯ ಹೊತ್ತು ಬೇರೆ ಅನ್ನುವ ಭೇದವೇ ಅವರಿಗೆ ಉಳಿಯಲಿಲ್ಲ. 1691ರಲ್ಲಿ ತೀರಿಕೊಂಡರು. ಕೇಳಲು ಚೆನ್ನಾಗಿತ್ತು. ಆದರೆ ಅವರಿಗೆ ಮಕ್ಕಳಿರಲಿಲ್ಲ ಅಲ್ವಾ ಅಯ್ಯನವರೇ ಅಂದೆ. ಅವರು ಜೋರಾಗಿ ನಕ್ಕರು. ‘ಹಾಗಾದ್ರೆ ಸುಸನ್ನಾ ವೆಸ್ಲಿಯನ್ನ ತಗೋ’ ಅಂದರು.

ಮೈಸೂರು ಸೀಮೆಯ ಸಿಎಸ್‌ಐ ಸಭೆಗಳಲ್ಲಿ ಬಹಳಷ್ಟು ವೆಸ್ಲಿಯನ್ ಮಿಷನ್‌ನಿಂದ ಬಂದವು. 1947ರಲ್ಲಿ ಮೆಥೊಡಿಸ್ಟರು, ಆಂಗ್ಲಿಕನ್ನರು ಮತ್ತಿತರರು ಸೇರಿ ಸಿಎಸ್‌ಐ ಆಯಿತು. ಹಾಗಾಗಿ ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಹೆಸರು ನಮಗೆ ಸಂಡೇ ಸ್ಕೂಲಿನಿಂದಲೂ ಗೊತ್ತು. ಅವರ ತಾಯಿ ಸುಸನ್ನಾ 19 ಮಕ್ಕಳನ್ನು ಹೆತ್ತವರು. ಅದರಲ್ಲಿ ಎಷ್ಟೋ ಕೂಸುಗಳು ಎಳೆತನದಲ್ಲೇ ಹೋದವು. ಉಳಿದವರ ಗಲಾಟೆ ತುಂಬಿದ ಮನೆಯಲ್ಲಿ ಆಕೆಗೆ ಬೇರೆ ಕೋಣೆ ಎಲ್ಲಿ ಸಿಗಬೇಕು? ಕೂತಲ್ಲೇ ಏಪ್ರನ್ ತಲೆ ಮೇಲೆ ಎಳೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದರಂತೆ. ಅಮ್ಮ ಏಪ್ರನ್ ಒಳಗಿದ್ದರೆ ತೊಂದರೆ ಕೊಡಬಾರದು ಅಂತ ಮಕ್ಕಳಿಗೆ ಗೊತ್ತಿತ್ತು ಅನ್ನುತ್ತಾರೆ.

ಈ ಕಥೆ ನನಗಿಂತ ನನ್ನ ಹೆಂಡತಿಗೆ ಜಾಸ್ತಿ ಹಿಡಿಸಿತು. ನಮ್ಮ ಹೆಂಗಸರು ಪ್ರಾರ್ಥನೆಗೆ ತಲೆ ಮೇಲೆ ಸೆರಗು ಹಾಕಿಕೊಳ್ಳುವವರೇ ತಾನೇ? ಇವಳು ಮನೆಯಲ್ಲಿ ನೈಟಿ ಮೇಲೆ ಹಾಕಿಕೊಳ್ಳುವ ವೇಲನ್ನೇ ತಲೆ ಮೇಲೆ ಎಳೆದುಕೊಂಡು, ಬಚ್ಚಲ ಪಕ್ಕದ ಗೋಡೆಗೆ ಒರಗಿ ಕೂತುಬಿಡುತ್ತಾಳೆ. ಮಗಳಿಗೆ ನಿಯಮ ಹೇಳಿಕೊಟ್ಟಿದ್ದೇವೆ. ವೇಲ್ ತಲೆ ಮೇಲಿದ್ದರೆ ಅಮ್ಮನನ್ನು ಕರೆಯಬಾರದು, ತಮ್ಮ ಬಿದ್ದರೆ ಮಾತ್ರ ಕರೆಯಬಹುದು. ಮೊದಮೊದಲು ತಮ್ಮ ದಿನಾ ಬೀಳುತ್ತಿದ್ದ, ಅಂದರೆ ಮಗಳ ಲೆಕ್ಕದಲ್ಲಿ. ಈಗ ಪರವಾಗಿಲ್ಲ. ಮಗ ಮಾತ್ರ ತಾನೂ ವೇಲ್ ಒಳಗೆ ನುಗ್ಗಿ ಅವಳ ಮೂಗು ಹಿಡಿದು ಕೂರುತ್ತಾನೆ. ಅವನನ್ನು ಹೊರಗೆ ಕಳಿಸುವುದಿಲ್ಲ. ಅವನೂ ಇರಲಿ ಅನ್ನುತ್ತಾಳೆ.

ನನ್ನ ಪಾಲಿಗೆ ಜಡೆ ಮುಖ್ಯವಾಯಿತು. ಮಗಳ ಶಾಲೆಯಲ್ಲಿ ಎರಡು ಜಡೆ ಕಡ್ಡಾಯ, ಮಡಚಿ ರಿಬ್ಬನ್ ಕಟ್ಟಬೇಕು. ಹೆಂಡತಿಗೆ ಮಾರ್ನಿಂಗ್ ಡ್ಯೂಟಿ ಇದ್ದರೆ ಆ ಕೆಲಸ ನನ್ನದು. ಬೈತಲೆ ನೆಟ್ಟಗೆ ತೆಗೆಯುವುದೇ ಕಷ್ಟ. ಬಾಚಣಿಗೆಯ ತುದಿಯಿಂದ ಹಣೆಯಿಂದ ಹಿಂದಕ್ಕೆ ಗೆರೆ ಎಳೆಯಬೇಕು. ಅವಳು ತಲೆ ಅಲ್ಲಾಡಿಸಿದರೆ ಗೆರೆ ಸೊಟ್ಟ. ಎಣ್ಣೆ ಹಚ್ಚಿದ ಕೂದಲು ಬೆರಳಿನಿಂದ ಜಾರುತ್ತದೆ. ಮೂರು ಕಾಲು ಮಾಡಿಕೊಂಡು ಹೆಣೆಯುತ್ತಾ ಹೋಗುವಾಗ ಒಂದು ಜಡೆಗೆ ಅವಳಿಗಾಗಿ, ಇನ್ನೊಂದು ಜಡೆಗೆ ಅವಳ ತಮ್ಮನಿಗಾಗಿ ಪ್ರಾರ್ಥನೆ. ಜೋರಾಗಿ ಅಲ್ಲ, ಅವಳಿಗೆ ಕೇಳುವಷ್ಟು. ‘ಕರ್ತನೇ, ಇವತ್ತು ಗಣಿತದ ಟೆಸ್ಟ್ ಇದೆ, ಇವಳಿಗೆ ಭಯ ಬೇಡ.’ ಮೂರು ಕಾಲಿನ ಜಡೆ ಕಂಡರೆ ಮೂರಾಗಿದ್ದೂ ಒಬ್ಬನೇ ಆದ ತ್ರಿಯೇಕ ದೇವರ ಬಗ್ಗೆ ಪ್ರಸಂಗ ಮಾಡುವವರು ನಮ್ಮಲ್ಲಿ ಇದ್ದಾರೆ. ನನಗೆ ಅಂಥದ್ದೇನೂ ಹೊಳೆಯಲಿಲ್ಲ. ಸ್ಕೂಲ್ ವ್ಯಾನ್ ಬರುವಷ್ಟರಲ್ಲಿ ರಿಬ್ಬನ್ ಬಿಚ್ಚದಿದ್ದರೆ ಸಾಕು ಅನ್ನುವುದೂ ನನ್ನ ಪ್ರಾರ್ಥನೆಯಲ್ಲಿ ಸೇರಿತ್ತು. ಈಗ ನಾನು ಮರೆತು ಸುಮ್ನೆ ಹೆಣೆದರೆ ಅವಳೇ ‘ಅಪ್ಪಾ, ಹೇಳಲಿಲ್ಲ’ ಅನ್ನುತ್ತಾಳೆ.

ಕಾರ್ಖಾನೆಯಲ್ಲಿ ಇನ್ನೂ ಚಿಕ್ಕ ಪ್ರಾರ್ಥನೆ. ಪಂಚಿಂಗ್ ಮಷಿನ್‌ಗೆ ಬೆರಳಿಡುವಾಗ ‘ಈ ಕೈ ಕಾಪಾಡು’ ಅಷ್ಟೇ. ಪ್ರೆಸ್ ಮಷಿನ್ ಪಕ್ಕ ಕೆಲಸ ಮಾಡುವವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಒಂದು ಜಾಗ ಇದೆ. ಅವನು ಪರ್ಷಿಯದ ಅರಸನ ಸೇವಕ. ಅರಸನು ನಿನಗೇನು ಬೇಕು ಅಂತ ಕೇಳುತ್ತಾನೆ. ನೆಹೆಮೀಯನು ಮೊದಲು ಪರಲೋಕದ ದೇವರಿಗೆ ಪ್ರಾರ್ಥಿಸಿ, ಆಮೇಲೆ ಅರಸನಿಗೆ ಉತ್ತರ ಕೊಡುತ್ತಾನೆ. ಅರಸ ಎದುರಿಗೇ ಇದ್ದಾನೆ, ಮಂಡಿಯೂರಲು ಪುರುಸೊತ್ತೆಲ್ಲಿ? ಒಂದು ಉಸಿರಿನಷ್ಟು ಹೊತ್ತು ಸಿಕ್ಕಿರಬಹುದು. ಸೂಪರ್‌ವೈಸರ್ ಬಂದು ‘ಇವತ್ತು ಓಟಿ ಮಾಡ್ತೀಯಾ?’ ಅಂದಾಗಲೆಲ್ಲ ನನಗೆ ನೆಹೆಮೀಯ ನೆನಪಾಗುತ್ತಾನೆ. ಓಟಿ ಅಂದರೆ ದುಡ್ಡು. ಆದರೆ ಮನೆಯಲ್ಲಿ ಹೆಂಡತಿ ನೈಟ್ ಡ್ಯೂಟಿಗೆ ಹೊರಡಲು ನನ್ನ ದಾರಿ ಕಾಯುತ್ತಿರುತ್ತಾಳೆ. ಆ ಒಂದು ಉಸಿರು ನನ್ನನ್ನು ಎಷ್ಟೋ ಸಲ ಉಳಿಸಿದೆ.

ಇನ್ನು ನಮ್ಮ ಅತ್ತೆಯ ವಿಷಯ. ಹೆಂಡತಿಯ ತವರು ಕಥೋಲಿಕರ ಮನೆ, ಲಷ್ಕರ್ ಮೊಹಲ್ಲಾ ಕಡೆ. ಸಂತ ಫಿಲೋಮಿನಾ ಚರ್ಚ್ ಅವರಿಗೆ ನಡೆದು ಹೋಗುವಷ್ಟು ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚ್ ಅದು. 175 ಅಡಿ ಎತ್ತರದ ಜೋಡಿ ಗೋಪುರ ನೋಡಲು ಟೂರಿಸ್ಟ್ ಬಸ್ಸುಗಳು ಬರುತ್ತಲೇ ಇರುತ್ತವೆ. ಅತ್ತೆಗೆ ಗೋಪುರದ ಗೊಡವೆ ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ಪ್ರಾರ್ಥನೆ ಅವರಿಗೆ ಚಿಕ್ಕಂದಿನಿಂದ ಬಂದ ರೂಢಿ. ಕೈಯಲ್ಲಿ ಸೊಪ್ಪಿದ್ದರೆ ಸೊಪ್ಪು ಕೆಳಗಿಟ್ಟು, ಮೊಮ್ಮಗ ಇದ್ದರೆ ಅವನನ್ನು ಸೊಂಟಕ್ಕೆ ಏರಿಸಿಕೊಂಡು, ನಿಂತಲ್ಲೇ ಶಿಲುಬೆ ಗುರುತು ಹಾಕಿ ಶುರು ಮಾಡುತ್ತಾರೆ. ಎರಡು ಮೂರು ನಿಮಿಷಕ್ಕೆ ಮುಗಿಯುತ್ತದೆ. ಮತ್ತೆ ಸೊಪ್ಪು.

ಮದುವೆಯಾದ ಹೊಸದರಲ್ಲಿ ನನಗೆ ಇದು ಬಾಯಿಪಾಠ ಒಪ್ಪಿಸಿದ ಹಾಗೆ ಕಾಣುತ್ತಿತ್ತು. ನಮ್ಮ ಕಡೆ ಪ್ರಾರ್ಥನೆ ಅಂದರೆ ಸ್ವಂತ ಮಾತಿನಲ್ಲಿ ಉದ್ದಕ್ಕೆ ಮಾಡುವುದು. ಆದರೆ ನೈಟ್ ಶಿಫ್ಟ್ ಮುಗಿಸಿ ಬಂದವನ ತಲೆಯಲ್ಲಿ ಸ್ವಂತ ಮಾತು ಹುಟ್ಟುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಬಾಯಿಗೆ ಬರುವುದು ಕಂಠಪಾಠ ಮಾಡಿದ್ದೇ. ‘ಯೆಹೋವನು ನನಗೆ ಕುರುಬನು’ ಅನ್ನುವುದಕ್ಕೆ ಯೋಚನೆ ಬೇಕಾಗಿಲ್ಲ. ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಮೊರೆಯಿಡುವ ಮಾತು 55ನೇ ಕೀರ್ತನೆಯಲ್ಲೂ ಇದೆ. ದಾನಿಯೇಲನೂ ದಿನಕ್ಕೆ ಮೂರು ಸಲ ಮಂಡಿಯೂರುತ್ತಿದ್ದ. ಅತ್ತೆಗೆ ಇದನ್ನು ಹೇಳಿದರೆ ‘ನಮಗೆ ಇದೆಲ್ಲ ಎಲ್ಲಿ ಗೊತ್ತು ಅಳಿಯಂದ್ರೇ, ನಮ್ಮವ್ವ ಮಾಡ್ತಿದ್ದರು, ನಾವೂ ಮಾಡ್ತೀವಿ’ ಅಂದರು. ಜೊತೆಗೆ ‘ಮೊದಲು ಊಟ ಮಾಡಿ, ಮುಖ ನೋಡಿ ಹೇಗಾಗಿದೆ’ ಅಂತ ಸೇರಿಸಿದರು.

ಕುಟುಂಬ ಪ್ರಾರ್ಥನೆಯನ್ನು ನಾವು ತುಂಡು ಮಾಡಿದ್ದೇವೆ. ಹಾಡು ಒಂದೇ ಚರಣ, ಅದೂ ಮಗ ಹಾಡಿನ ಪುಸ್ತಕದ ಅಂಚು ಜಗಿಯುವುದಕ್ಕೆ ಮುಂಚೆ. ಒಂದು ವಾಕ್ಯ. ಕರ್ತನ ಪ್ರಾರ್ಥನೆ. ಅಷ್ಟೇ. ಎಂಟು ಗಂಟೆಗೇ ಆಗಬೇಕು ಅಂತಿಲ್ಲ. ಮನೆಯಲ್ಲಿ ನಾಲ್ಕೂ ಜನ ಒಟ್ಟಿಗೆ ಎಚ್ಚರ ಇರುವ ಹೊತ್ತು ಸಿಕ್ಕರೆ ಅದೇ ಎಂಟು ಗಂಟೆ. ಒಮ್ಮೊಮ್ಮೆ ಅದು ಮಧ್ಯಾಹ್ನ ಮೂರಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಆಯಾಸ ಆಯಾಸವೇ. ಮಗನಿಗೆ ಜ್ವರ ಬಂದ ಒಂದು ರಾತ್ರಿ ಅದು ಚೆನ್ನಾಗಿ ಗೊತ್ತಾಯಿತು. ಹೆಂಡತಿಗೆ ನೈಟ್ ಡ್ಯೂಟಿ. ಬೇರೆಯವರ ಮಕ್ಕಳಿಗೆ ಅವಳು ಅಲ್ಲಿ ಡ್ರಿಪ್ ಹಾಕುತ್ತಿದ್ದರೆ, ಇಲ್ಲಿ ನಾನು ಫೋನಿನಲ್ಲಿ ಅವಳನ್ನು ಕೇಳಿ ಕೇಳಿ ಸಿರಪ್ ಅಳೆಯುತ್ತಿದ್ದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಕಂಕುಳು, ಕುತ್ತಿಗೆ ಒರೆಸುವುದು. ಮೈ ಸ್ವಲ್ಪ ತಣ್ಣಗಾದರೆ ನಿದ್ದೆ ಮಾಡುತ್ತಾನೆ, ಕೆಳಗೆ ಮಲಗಿಸಿದರೆ ಏಳುತ್ತಾನೆ. ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ಟೀವಿ ಸ್ಟ್ಯಾಂಡಿನಿಂದ ಬಾಗಿಲವರೆಗೆ ನಡೆದೆ, ಮತ್ತೆ ನಡೆದೆ. 121ನೇ ಕೀರ್ತನೆ ಹೇಳುತ್ತಿದ್ದೆ. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅನ್ನುವ ಜಾಗಕ್ಕೆ ಬಂದಾಗ ಸ್ವಲ್ಪ ಸಿಟ್ಟೂ ಬಂತು. ನಿನಗೆ ನಿದ್ದೆ ಬೇಡ, ನನಗೆ ಬೇಕಲ್ಲ ಸ್ವಾಮಿ ಅಂದೆ. ಅದನ್ನೂ ನಾನು ಪ್ರಾರ್ಥನೆ ಅಂತಲೇ ಲೆಕ್ಕ ಹಾಕಿದ್ದೇನೆ.

ಇಸ್ರಾಯೇಲ್ಯರನ್ನು ಅರಣ್ಯದಲ್ಲಿ ನಡೆಸಿದ ಮೋಶೆ ಇದಕ್ಕಿಂತ ಜೋರಾಗಿ ಮಾತಾಡಿದ್ದಾನೆ. ಸತ್ಯವೇದದ ಅರಣ್ಯಕಾಂಡ 11ನೇ ಅಧ್ಯಾಯ ಓದಿ ನೋಡಿ. ಈ ಜನರನ್ನೆಲ್ಲ ನಾನು ಹೆತ್ತೆನೋ, ಮೊಲೆಕೂಸನ್ನು ಎತ್ತಿಕೊಳ್ಳುವ ಹಾಗೆ ಇವರನ್ನು ಎದೆಗವಚಿಕೊಂಡು ಹೋಗು ಅನ್ನುತ್ತೀಯಲ್ಲ, ನನ್ನ ಕೈಲಾಗದು, ಇದಕ್ಕಿಂತ ನನ್ನನ್ನು ಕೊಂದುಬಿಡು ಅಂತ ದೇವರಿಗೇ ಹೇಳುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು ಅನ್ನುವುದೂ ಇಲ್ಲ. 70 ಜನ ಹಿರಿಯರನ್ನು ಕರೆದುಕೊಂಡು ಬಾ, ಅವರು ನಿನ್ನ ಜೊತೆ ಹೊರೆ ಹೊರಲಿ ಅನ್ನುತ್ತಾನೆ. ನನ್ನ ಕೇಳಿದರೆ, ಸಭೆಗಳಲ್ಲಿ ಹೆತ್ತವರಿಗೆ ಓದಿ ಹೇಳಬೇಕಾದ ಭಾಗ ಇದು. ತಾಯಂದಿರ ದಿನ ಗುಲಾಬಿ ಹೂವು ಕೊಡುವುದಕ್ಕಿಂತ ಇದು ಮೇಲು.

ನಮಗೆ 70 ಜನ ಸಿಗಲಿಲ್ಲ. ಕೆಳಗಿನ ಮನೆಯ ಅಜ್ಜಿ ಸಿಕ್ಕರು. ಅವರು ಲಿಂಗಾಯತರು, ಬೆಳಗಿನ ಪೂಜೆ ಮುಗಿಸಿ ಹತ್ತು ಗಂಟೆಗೆ ನಮ್ಮ ಮಗನನ್ನು ಕರೆಸಿಕೊಳ್ಳುತ್ತಾರೆ. ನಾನು ನೈಟ್ ಶಿಫ್ಟಿನಿಂದ ಬಂದ ದಿನ ಮಧ್ಯಾಹ್ನದವರೆಗೆ ಅವನು ಅಲ್ಲೇ. ಚರ್ಚಿನ ಸ್ತ್ರೀಯರ ಕೂಟದ ಒಬ್ಬ ಆಂಟಿ ಭಾನುವಾರ ಮಗಳನ್ನು ಸಂಡೇ ಸ್ಕೂಲಿಗೆ ಕರೆದುಕೊಂಡು ಹೋಗುತ್ತಾರೆ. ಸಹಾಯ ಕೇಳಲು ನನಗೆ ತುಂಬಾ ಸಂಕೋಚವಿತ್ತು. ಹೆಂಡತಿಗೆ ಇರಲಿಲ್ಲ. ಸೀದಾ ಹೋಗಿ ಕೇಳಿದಳು, ಅವರು ಆಗಲಿ ಅಂದರು.

ನಿದ್ದೆಯ ಬಗ್ಗೆಯೂ ಅಯ್ಯನವರನ್ನು ಕೇಳಿದ್ದೆ. ನೈಟ್ ಮುಗಿಸಿ ಬಂದ ಭಾನುವಾರ ಆರಾಧನೆಗೆ ಹೋಗಿ ಕೂತರೆ ಪ್ರಸಂಗ ಶುರುವಾಗುವ ಮೊದಲೇ ತಲೆ ವಾಲುತ್ತದೆ. ಅವರು ಪ್ರವಾದಿ ಎಲೀಯನ ವಿಷಯ ಹೇಳಿದರು. ಸಾಕು ಕರ್ತನೇ, ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ‘ನೀನು ಮಲಗಿ ಎದ್ದು ಬಾ, ಹಾಗೂ ಬಂದು ನಿದ್ದೆ ಬಂದರೆ ಹಿಂದಿನ ಬೆಂಚಿನಲ್ಲಿ ಮಲಗು. ನನ್ನ ಪ್ರಸಂಗಕ್ಕೆ ನಿದ್ದೆ ಮಾಡುವವರು ಶಿಫ್ಟ್ ಇಲ್ಲದವರೂ ಇದ್ದಾರೆ’ ಅಂದರು.

ನಮ್ಮ ಕಡೆಯ ಮನೆಗಳ ಕ್ಯಾಲೆಂಡರಿನಲ್ಲಿ ಯೆಶಾಯ 40:31 ಬಹಳ ಕಾಣುತ್ತದೆ. ಹದ್ದಿನ ರೆಕ್ಕೆಯ ವಾಕ್ಯ, ಓಡಿ ದಣಿಯರು ಅನ್ನುವುದು. ಚಿತ್ರವೂ ಇರುತ್ತದೆ. ನನಗೆ ಆಸರೆಯಾದದ್ದು ಅದೇ ಅಧ್ಯಾಯದಲ್ಲಿ 20 ವಾಕ್ಯ ಮೇಲಿರುವುದು. ಕುರುಬನು ಮರಿಗಳನ್ನು ಎದೆಗಪ್ಪಿಕೊಳ್ಳುತ್ತಾನೆ, ಹಾಲು ಕುಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುತ್ತಾನೆ ಅನ್ನುತ್ತದೆ 11ನೇ ವಾಕ್ಯ. ನಂಜನಗೂಡು ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದು ನಮ್ಮ ಬಸ್ಸು ನಿಂತಾಗ ನೋಡಿದ್ದೇನೆ. ಹೊಸದಾಗಿ ಮರಿ ಹಾಕಿದ ಕುರಿ ಹಿಂದೆ ಉಳಿಯುತ್ತದೆ. ಕುರುಬ ಮರಿಯನ್ನು ಕಂಬಳಿಯಲ್ಲಿ ಎತ್ತಿಕೊಂಡು ಅದರ ನಡಿಗೆಗೇ ನಡೆಯುತ್ತಾನೆ. ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಅಷ್ಟೇ.

ಎಲ್ಲ ವಾರವೂ ನಡೆಯುತ್ತದೆ ಅಂತಲ್ಲ. ಸೆಕೆಂಡ್ ಶಿಫ್ಟ್ ವಾರ ಈಗಲೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತೇನೆ, ಮಕ್ಕಳು ಮಲಗಿರುತ್ತಾರೆ. ಮಗಳ ಜೊತೆ ಸಿಗುವುದು ಬೆಳಗಿನ ಜಡೆಯ ಹೊತ್ತು ಮಾತ್ರ. ಆ ವಾರ ಪ್ರಾರ್ಥನೆ ಒಣಗಿದ ಹಾಗೆ ಇರುತ್ತದೆ, ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಕಂಪನಿಯಲ್ಲಿ ಇಬ್ಬರು ಮೂವರು ಚಿಕ್ಕ ಮಕ್ಕಳ ತಂದೆಯರು ನನ್ನನ್ನು ಕೇಳಿದ್ದಾರೆ. ಅವರಿಗೆ ಹೇಳುವುದು ಇಷ್ಟೇ, ನೈಟ್ ಶಿಫ್ಟ್ ವಾರದಲ್ಲಿ ಶುರು ಮಾಡಬೇಡಿ, ಮೊದಲು ಒಂದೇ ಕೆಲಸಕ್ಕೆ ಕಟ್ಟಿ, ಮತ್ತು ಅದು ಹೇಗೂ ಮಾಡಲೇಬೇಕಾದ ಕೆಲಸ ಆಗಿರಲಿ. ಹೊಸ ಅಲಾರಂ ಬೇಡ.

ಮುಂದಿನ ತಿಂಗಳಿಂದ ಹೆಂಡತಿಯ ಡ್ಯೂಟಿ ಬದಲಾಗುತ್ತದೆ, ಸ್ಕೂಲ್ ವ್ಯಾನೂ ನಿಲ್ಲಿಸುತ್ತಿದ್ದೇವೆ. ಮಗಳನ್ನು ನಾನೇ ಸ್ಕೂಟರಿನಲ್ಲಿ ಬಿಡಬೇಕು. ಹಾಗಾಗಿ ಚಾರ್ಟ್ ಮತ್ತೆ ಬರೆಯುತ್ತಿದ್ದೇವೆ. ವ್ಯಾನಿಗೆ ಕಾಯುವಾಗ ಗೇಟಿನ ಹತ್ತಿರ ಒಂದು ಸಣ್ಣ ಪ್ರಾರ್ಥನೆ ಇತ್ತು, ಅದು ಈಗ ಹೋಗುತ್ತದೆ. ಅದರ ಬದಲು ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಾಗ ಮಾಡೋಣ ಅಂತ ಮಗಳು ಹೇಳಿದ್ದಾಳೆ. ‘ಹಸಿರು ಬಿದ್ದರೆ?’ ಅಂತ ಕೇಳಿದೆ. ‘ಆಮೆನ್ ಅಂದು ಹೋಗೋಣ’ ಅಂದಳು.